ಒಂದು ಇಂಜೆಕ್ಷನ್, ಜೀವನಪೂರ್ತಿ ಪರಿಣಾಮ

ಜಿಮ್‌ಗೆ ಹೋಗುವವರ ಬಾಯಲ್ಲಿ ‘ಸ್ಟೀರಾಯ್ಡ್’ ಅನ್ನೋ ಪದ ಆಗಾಗ ಕೇಳ್ತೇವೆ. ಮಾತೆಲ್ಲ ಹುಡುಗರ ಮಸಲ್ಸ್ ಸುತ್ತಲೇ ಇರುತ್ತೆ. ಆದ್ರೆ ಇನ್ನೂ ಬೆಳೆಯುತ್ತಿರುವ ಹೆಣ್ಣು ದೇಹಕ್ಕೆ ಇದು ಸೇರಿದರೆ? ಇದರ ಬಗ್ಗೆ ನಮಗೆ ತುಂಬ ಕಲಿಸಿಕೊಟ್ಟಿರೋದು ಇಲಿಗಳು.

ಮೊದಲು ಬೇಸಿಕ್ಸ್. ಅನಬಾಲಿಕ್ ಸ್ಟೀರಾಯ್ಡ್ ಅಂದ್ರೆ ಟೆಸ್ಟೋಸ್ಟೆರಾನ್ ಮತ್ತು ಅದನ್ನು ಹೋಲುವ, ಲ್ಯಾಬ್‌ನಲ್ಲಿ ತಯಾರಾದ ರಾಸಾಯನಿಕಗಳು. ಪ್ರೌಢಾವಸ್ಥೆಯಲ್ಲಿ ಮೆದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸಂಕೇತ ಕಳಿಸುತ್ತೆ. ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನ್‌ಗಳನ್ನು ಬಿಡುತ್ತೆ. ಅಂಡಾಶಯ ಈಸ್ಟ್ರೋಜನ್ ತಯಾರಿಸಿ ಮೆದುಳಿಗೆ ವಾಪಸ್ ಸುದ್ದಿ ಮುಟ್ಟಿಸುತ್ತೆ. ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಇದೊಂದು ಕ್ಲೋಸ್ಡ್ ಲೂಪ್. ಬಹುತೇಕ ಸಮಯ ಫೀಡ್‌ಬ್ಯಾಕ್ ನೆಗೆಟಿವ್. ಆದ್ರೆ ಈಸ್ಟ್ರೋಜನ್ ಒಂದು ಮಟ್ಟ ದಾಟಿ ನಿಂತಾಗ ಅದು ಪಾಸಿಟಿವ್ ಆಗುತ್ತೆ, ಎಲ್‌ಎಚ್ ಒಮ್ಮೆಲೇ ಏರುತ್ತೆ, ಅಂಡ ಬಿಡುಗಡೆಯಾಗುತ್ತೆ. ಹೆಣ್ಣು ಇಲಿಯಲ್ಲಿ ಇದು 4-5 ದಿನಕ್ಕೊಮ್ಮೆ ನಡೆಯುತ್ತೆ.

1961ರಲ್ಲಿ ಚಾರ್ಲ್ಸ್ ಬ್ಯಾರಕ್ಲಫ್ ಎಂಬ ವಿಜ್ಞಾನಿ, 5 ದಿನದ ಹೆಣ್ಣು ಇಲಿಮರಿಗಳಿಗೆ 1.25 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಪ್ರೊಪಿಯೊನೇಟ್ ಕೊಟ್ಟ ಪ್ರಯೋಗವನ್ನು ಪ್ರಕಟಿಸಿದರು. ಒಂದೇ ಒಂದು ಇಂಜೆಕ್ಷನ್! ಆ ಮರಿಗಳು ಬೆಳೆದು ದೊಡ್ಡವಾದವು, ಆದರೆ ಅಂಡೋತ್ಪತ್ತಿ ಆಗಲಿಲ್ಲ. ಅಂಡಾಶಯ ಕೆಟ್ಟಿತ್ತಾ? ಇಲ್ಲ. ಹೊರಗಿನಿಂದ ಎಲ್‌ಎಚ್ ಕೊಟ್ಟರೆ ಅಂತಹ ಅಂಡಾಶಯವೂ ಅಂಡ ಬಿಡುತ್ತೆ. ಕೆಟ್ಟಿದ್ದು ಮೆದುಳಿನಲ್ಲಿದ್ದ ಟ್ರಿಗರ್. ಹುಟ್ಟಿದ ಮೊದಲ ದಿನಗಳಲ್ಲೇ ಇಲಿಯ ಮೆದುಳಿನ ವೈರಿಂಗ್ ಗಟ್ಟಿಯಾಗುತ್ತೆ. ಆಗ ಬಂದ ಟೆಸ್ಟೋಸ್ಟೆರಾನ್ ಅದನ್ನು ಗಂಡಿನ ಮಾದರಿಗೆ ತಿರುಗಿಸಿಬಿಡುತ್ತೆ.

ಇದಕ್ಕಿಂತ ಯೋಚನೆಗೆ ಹಚ್ಚುವುದು ಸಣ್ಣ ಡೋಸ್. ಕೇವಲ 10 ಮೈಕ್ರೋಗ್ರಾಂ ಸಿಕ್ಕ ಮರಿಗಳಲ್ಲಿ ಪ್ರೌಢಾವಸ್ಥೆ ಬರುತ್ತೆ, ಋತುಚಕ್ರವೂ ಶುರುವಾಗುತ್ತೆ. ನೋಡಿದವರು ಎಲ್ಲ ಸರಿ ಇದೆ ಅಂದ್ಕೋಬೇಕು. ಆಮೇಲೆ, ಮಾಮೂಲಿಗಿಂತ ಬಹಳ ಬೇಗ, ಚಕ್ರ ನಿಂತುಹೋಗುತ್ತೆ.

ಹಾಗಂತ ಇಲಿಗೆ ಆಗಿದ್ದು ಮನುಷ್ಯರಿಗೂ ಹಾಗೇ ಆಗುತ್ತೆ ಅನ್ನೋ ಹಾಗಿಲ್ಲ. ನಮ್ಮ ಮೆದುಳಿನ ಈ ಸರ್ಕ್ಯೂಟ್ ಅಷ್ಟು ಸುಲಭಕ್ಕೆ ಶಾಶ್ವತವಾಗಿ ಬದಲಾಗಲ್ಲ. ಹದಿಹರೆಯದ ಹುಡುಗಿಯರಲ್ಲಿ ಅಪಾಯ ಬೇರೆ ಥರ: ಹೊರಗಿನ ಹಾರ್ಮೋನ್ ಲೂಪನ್ನೇ ಅದುಮುತ್ತೆ, ಮುಟ್ಟು ಏರುಪೇರಾಗುತ್ತೆ ಅಥವಾ ನಿಲ್ಲುತ್ತೆ, ಮೂಳೆಯ ಬೆಳವಣಿಗೆ ಬೇಗ ಮುಗಿದು ಎತ್ತರ ಕಡಿಮೆಯಾಗಬಹುದು, ದನಿ ಗಡುಸಾಗುತ್ತೆ. ಔಷಧಿ ನಿಲ್ಲಿಸಿದರೂ ದನಿ ಪೂರ್ತಿ ಮರಳುವುದು ಅಪರೂಪ. 1970-80ರ ದಶಕದ ಪೂರ್ವ ಜರ್ಮನಿಯಲ್ಲಿ ಹದಿಹರೆಯದ ಈಜುಗಾರ್ತಿಯರಿಗೆ ‘ವಿಟಮಿನ್’ ಅಂತ ಹೇಳಿ ಓರಲ್-ಟ್ಯೂರಿನಾಬಾಲ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿಸಿದ್ದರು. ಪದಕ ದೇಶಕ್ಕೆ ಹೋಯಿತು, ಕಾಯಿಲೆ ಅವರಿಗೇ ಉಳಿಯಿತು.

ಔಟ್‌ಪುಟ್ ಚೆನ್ನಾಗಿ ಕಾಣ್ತಿದೆ ಅಂದ ಮಾತ್ರಕ್ಕೆ ಸಿಸ್ಟಮ್ ಸರಿ ಇದೆ ಅಂತಲ್ಲ. ಇದು ನಮಗೆ ಲ್ಯಾಬ್‌ನಲ್ಲಿ ಗೊತ್ತು, ದೇಹದ ವಿಷಯದಲ್ಲೂ ನೆನಪಿರಲಿ. ಲೇಬಲ್ ಇಲ್ಲದ ಪುಡಿ, ಮಾತ್ರೆಯನ್ನು ಯಾರಾದ್ರೂ ಕೈಗಿಟ್ಟರೆ, ಅದು ಬಾಯಿಗೆ ಹೋಗೋ ಮೊದಲು ಡಾಕ್ಟರ್ ಹತ್ರ ಹೋಗಲಿ.