‘ನೈಸು’ ಎಂಬ ಮಾತಿನ ಕಥೆ

ಕೋಲಾರ ತಾಲ್ಲೂಕಿನ ಹುತ್ತೂರಿನಲ್ಲಿ ಬಂಧುಗಳ ಮನೆಗೆ ಹೋಗಿದ್ದಾಗ ನಡೆದ ಒಂದು ಸಣ್ಣ ಪ್ರಸಂಗವನ್ನು ವಾಚಕರ ಮುಂದಿಡುತ್ತೇನೆ. ಬಸ್ಸಾರಿಗೆ ಖಾರ ರುಬ್ಬುತ್ತಿದ್ದ ಮೊಮ್ಮಗಳಿಗೆ ಅಜ್ಜಿಯವರು, “ತರಿತರಿಯಾಗಿ ಬಿಡಬೇಡ ಕಣಮ್ಮ, ನೈಸಾಗಿ ರುಬ್ಬು” ಎಂದರು. ಶಾಲೆಯಲ್ಲಿ ಇಂಗ್ಲಿಷು ಕಲಿಯುತ್ತಿರುವ ಹುಡುಗಿಯು ನಕ್ಕು, “ನೈಸ್ ಅಂದರೆ ಒಳ್ಳೆಯದು ಅಂತ ಅಜ್ಜಿ, ನಿನಗೆ ಇಂಗ್ಲಿಷು ಬರೋದಿಲ್ಲ” ಎಂದುಬಿಟ್ಟಳು. ಅಜ್ಜಿಯವರು ತಲೆ ತಗ್ಗಿಸಿ ಸುಮ್ಮನಾದರು. ಆ ಮೌನವು ನನ್ನ ಮನಸ್ಸಿಗೆ ನಾಟಿತು. ಇಬ್ಬರಲ್ಲಿ ಅರಿಯದವರು ಯಾರು?

ಈ ವಿಶೇಷಣದ ಹುಟ್ಟೇ ವಿಚಿತ್ರವಾದುದು. ಲ್ಯಾಟಿನ್ ಭಾಷೆಯಲ್ಲಿ ‘ನೆ’ ಎಂದರೆ ಇಲ್ಲ, ‘ಸ್ಕೀರೆ’ ಎಂದರೆ ಅರಿಯುವುದು. ಇವೆರಡೂ ಕೂಡಿ ‘ನೆಸ್ಕಿಯುಸ್’, ಎಂದರೆ ‘ಅರಿಯದವನು’ ಎಂದಾಯಿತು. ಅರಿವನ್ನು ಹೇಳುವ ‘ಸೈನ್ಸ್’ ಎಂಬ ಮಾತೂ ಅದೇ ಧಾತುವಿನ ಸಂತಾನವೇ! ಫ್ರೆಂಚಿನ ಮೂಲಕ ಸುಮಾರು 1300ರ ವೇಳೆಗೆ ಇಂಗ್ಲಿಷಿಗೆ ಬಂದಾಗ ‘ನೈಸ್’ ಎಂದರೆ ದಡ್ಡ ಎಂದೇ ಅರ್ಥವಿದ್ದಿತು. ಮುಂದೆ ಅದು ಅತಿ ನಾಜೂಕಿನವನೆಂದೂ, 16ನೆಯ ಶತಮಾನದಲ್ಲಿ ನವುರಾದುದು, ಸೂಕ್ಷ್ಮವಾದುದು ಎಂದೂ ಮಾರ್ಪಟ್ಟು, 18ನೆಯ ಶತಮಾನದ ಉತ್ತರಾರ್ಧದಲ್ಲಿ ‘ಹಿತವಾದುದು’ ಎಂಬಲ್ಲಿಗೆ ಬಂದು ನಿಂತಿತು. 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟೆನ್ನಳ ‘ನಾರ್ಥ್ಯಾಂಗರ್ ಅಬ್ಬೆ’ ಎಂಬ ಕಾದಂಬರಿಯಲ್ಲಿ, ಈ ಮಾತನ್ನು ಸಡಿಲವಾಗಿ ಬಳಸಿದ ನಾಯಕಿಯನ್ನು ನಾಯಕನು ಪರಿಹಾಸ ಮಾಡುತ್ತಾನೆ.

ನಮ್ಮಲ್ಲಿ ಈ ಮಾತು ‘ನಯ’ದ ಪಕ್ಕದಲ್ಲಿ ಆಸನವನ್ನು ಪಡೆದು ಹಿಟ್ಟಿಗೂ ಬಟ್ಟೆಗೂ ಸಲ್ಲುತ್ತಿದೆ. ಮೆಲ್ಲನೆ ನುಸುಳಿಹೋಗುವವನೂ “ನೈಸಾಗಿ ಜಾರಿಕೊಂಡ” ಎನಿಸಿಕೊಳ್ಳುತ್ತಾನೆ. ಆದುದರಿಂದ ಅಜ್ಜಿಯವರ ಮಾತು ತಪ್ಪಲ್ಲ. ಆ ನವುರಿನ ಅರ್ಥವು ಇಂಗ್ಲಿಷಿನಲ್ಲಿಯೂ ಇದ್ದುದೇ.

ಇಂತಹ ಪಯಣ ನಮ್ಮ ಮಾತುಗಳಿಗೂ ಉಂಟು. ಸಂಸ್ಕೃತದ ‘ಮುಹ್’ ಎಂಬ ಒಂದೇ ಧಾತುವಿನಿಂದ ‘ಮೂಢ’, ‘ಮುಗ್ಧ’ ಎಂಬೆರಡೂ ಹುಟ್ಟಿದವು. ಮೊದಲನೆಯದು ಬೈಗುಳವಾಯಿತು, ಎರಡನೆಯದು ಮಗುವಿನ ಮುಖಕ್ಕೆ ಒಡವೆಯಾಯಿತು.

ಸಂಜೆ ಹುಡುಗಿಗೆ ಇದನ್ನೆಲ್ಲ ಹೇಳಿದೆನು. ಅವಳು ಏನೂ ಆಡದೆ ಕೇಳಿದಳು. ಮರುದಿನ ಬೆಳಿಗ್ಗೆ ರುಬ್ಬಿದ ಖಾರವನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಹೋಗಿ, “ಅಜ್ಜಿ, ನೈಸಾಯಿತೇ ನೋಡು” ಎಂದಳು. ಅಜ್ಜಿಯವರು ಬೆರಳಿನಿಂದ ತೀಡಿ ನೋಡಿ, “ಇನ್ನೆರಡು ಸುತ್ತು ಆಗಲಮ್ಮ” ಎಂದರು.

ಮನೆಯ ಹಿರಿಯರ ಮಾತನ್ನು ತಿದ್ದಹೊರಡುವ ಮುನ್ನ ಅದು ನಡೆದುಬಂದ ದಾರಿಯನ್ನು ವಿಚಾರಿಸುವುದು ಲೇಸು.