ರಾಕೆಟ್ ಹಾರಿದ ಮೇಲೆ ಹಾಸನದ ಸರದಿ

ಮನೆಗಳ ಮೇಲೆ ಡಿಶ್ ಕೂರಿಸುವುದು ನನ್ನ ಕಸುಬು. ಹಾಸನದ ತಾರಸಿಯ ಮೇಲೆ ನಿಂತು ಡಿಡಿ ಫ್ರೀ ಡಿಶ್‌ಗೆ ಸಿಗ್ನಲ್ ಹುಡುಕಬೇಕೆಂದರೆ ಆಗ್ನೇಯಕ್ಕೆ ಮುಖ ಮಾಡಬೇಕು. ನೆಲದಿಂದ ಸುಮಾರು 65 ಡಿಗ್ರಿ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಜಿಸ್ಯಾಟ್-15 ಉಪಗ್ರಹವಿದೆ. ಭೂಮಧ್ಯರೇಖೆಯಿಂದ 35,786 ಕಿಲೋಮೀಟರ್ ಎತ್ತರ. ಡಿಶ್ ಒಂದೆರಡು ಡಿಗ್ರಿ ಆಚೀಚೆಯಾದರೂ ಟಿವಿಯಲ್ಲಿ ಚಿತ್ರ ಹೋಗುತ್ತದೆ. ಅಷ್ಟು ದೂರದ ವಸ್ತು ಇಷ್ಟು ಕರಾರುವಾಕ್ಕಾಗಿ ನಿಲ್ಲುವುದು ಹೇಗೆ, ಅಲ್ಲಿಗೆ ಒಯ್ದವರು ಯಾರು ಎಂದು ಕೆದಕುತ್ತ ಹೋಗಿ ನನಗೆ ರಾಕೆಟ್ ಉಡಾವಣೆಗಳ ಹುಚ್ಚು ಹತ್ತಿತು. ಉತ್ತರದ ಅರ್ಧ ಭಾಗ ನಮ್ಮೂರಲ್ಲೇ ಇತ್ತು. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ; ಊರವರ ಬಾಯಲ್ಲಿ ಎಂಸಿಎಫ್.

ಉಡಾವಣೆ ಎಂದರೆ ಬಹಳ ಜನರಿಗೆ ಬೆಂಕಿ, ಹೊಗೆ, ಚಪ್ಪಾಳೆಯ ಹತ್ತಿಪ್ಪತ್ತು ನಿಮಿಷ. ಅದನ್ನು ನೋಡುವ ಸಂತೋಷ ದೊಡ್ಡದೇ. ನೇರಪ್ರಸಾರ ಯೂಟ್ಯೂಬಿನಲ್ಲಿ ಬರುತ್ತದೆ. ಶ್ರೀಹರಿಕೋಟಾದಲ್ಲಿ 2019ರಿಂದ ವೀಕ್ಷಕರ ಗ್ಯಾಲರಿಯೂ ಇದೆ. ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿ ಹೋಗಬಹುದು. ಆದರೆ ರೈಲು ಟಿಕೆಟ್ ಮಾಡಿಸುವಾಗ ಒಂದೆರಡು ದಿನ ಕೈಯಲ್ಲಿಟ್ಟುಕೊಳ್ಳಿ. 2019ರ ಜುಲೈ 15ರ ನಸುಕಿನಲ್ಲಿ ಚಂದ್ರಯಾನ-2 ಹೊರಡಲು 56 ನಿಮಿಷ 24 ಸೆಕೆಂಡ್ ಇರುವಾಗ ಗಡಿಯಾರ ನಿಲ್ಲಿಸಿದರು; ಅದು ಹಾರಿದ್ದು 22ಕ್ಕೆ. 2023ರ ಅಕ್ಟೋಬರ್ 21ರಂದು ಗಗನಯಾನದ ಪರೀಕ್ಷಾ ವಾಹನ ಹೊರಡಲು ಐದೇ ಸೆಕೆಂಡ್ ಇತ್ತು, ಕಂಪ್ಯೂಟರ್ ತಡೆಯಿತು. ದೋಷ ಸರಿಪಡಿಸಿ ಅದೇ ಬೆಳಿಗ್ಗೆ ಹತ್ತಕ್ಕೆ ಹಾರಿಸಿದರು. ಹೀಗೆ ತಡೆದು ನಿಲ್ಲಿಸುವುದನ್ನು ಸೋಲೆಂದು ಕರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಒಮ್ಮೆ ಘನ ಇಂಧನದ ಹಂತಕ್ಕೆ ಬೆಂಕಿ ಹೊತ್ತಿಸಿದರೆ ಮತ್ತೆ ಆರಿಸಲು ಬರುವುದಿಲ್ಲ. ಅನುಮಾನವಿದ್ದರೆ ಅದಕ್ಕೆ ಮೊದಲೇ ನಿಲ್ಲಿಸಬೇಕು.

ಹವ್ಯಾಸಿಗಳು ದಿನಾಂಕದ ಸುಳಿವನ್ನು ಇನ್ನೊಂದು ದಾರಿಯಿಂದಲೂ ಹಿಡಿಯುತ್ತಾರೆ. ರಾಕೆಟ್‌ನ ಕಳಚಿದ ಹಂತಗಳು ಸಮುದ್ರಕ್ಕೆ ಬೀಳುವುದರಿಂದ, ಆ ಹೊತ್ತಿಗೆ ಆ ಭಾಗದಲ್ಲಿ ಹಾರಬೇಡಿ ಎಂದು ವಿಮಾನಗಳಿಗೆ ಮೊದಲೇ ‘ನೋಟಮ್’ ಎಂಬ ಸೂಚನೆ ಹೊರಡುತ್ತದೆ. ಬಂಗಾಳ ಕೊಲ್ಲಿಯ ನಕ್ಷೆಯ ಮೇಲೆ ಆ ಚೌಕಗಳನ್ನು ಬರೆದುಕೊಂಡರೆ ರಾಕೆಟ್ ಯಾವ ದಿಕ್ಕಿಗೆ ಹೋಗುತ್ತದೆಂದು ಗೊತ್ತಾಗುತ್ತದೆ. ಚೌಕಗಳು ಪೂರ್ವಕ್ಕೆ ಸಾಲುಗಟ್ಟಿದ್ದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಹಾಸನಕ್ಕೆ ಕೆಲಸ ಕೊಡುವ, ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳು ಹೋಗುವ ದಿಕ್ಕು ಅದು.

ಇನ್ನು ಉಡಾವಣೆಯ ನಂತರದ ಕಥೆ. ಜಿಎಸ್‌ಎಲ್‌ವಿ ರಾಕೆಟ್ ಉಪಗ್ರಹವನ್ನು 36,000 ಕಿಲೋಮೀಟರ್ ಎತ್ತರಕ್ಕೆ ಒಯ್ದು ಇಟ್ಟು ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು; ಕಸುಬಿನ ಮೊದಲ ದಿನಗಳಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ರಾಕೆಟ್ ಅದನ್ನು ಬಿಡುವುದು ಒಂದು ಮೊಟ್ಟೆಯಾಕಾರದ ದಾರಿಯಲ್ಲಿ. ಆ ದಾರಿಯ ಕೆಳತುದಿ ಭೂಮಿಯಿಂದ ಕೇವಲ 170 ಕಿಲೋಮೀಟರಿನಷ್ಟು ಮೇಲೆ, ಮೇಲ್ತುದಿ ಸುಮಾರು 36,000 ಕಿಲೋಮೀಟರ್ ಮೇಲೆ. ಕೆಳಗೆ ಬಂದಾಗ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ವೇಗ, ಮೇಲ್ತುದಿಯಲ್ಲಿ 1.6 ಮಾತ್ರ. ಒಂದು ಸುತ್ತಿಗೆ ಹತ್ತೂವರೆ ಗಂಟೆ. ಅಲ್ಲೇ ಬಿಟ್ಟರೆ ಯಾವ ಡಿಶ್‌ಗೂ ಪ್ರಯೋಜನವಿಲ್ಲ, ಏಕೆಂದರೆ ಅದು ಆಕಾಶದಲ್ಲಿ ಓಡಾಡುತ್ತಲೇ ಇರುತ್ತದೆ.

ಅದನ್ನು ಸರಿದಾರಿಗೆ ತರುವುದು ಹಾಸನ. ಉಪಗ್ರಹದೊಳಗೆ ‘ಲ್ಯಾಮ್’ ಎಂಬ ಸಣ್ಣ ಎಂಜಿನ್ ಇರುತ್ತದೆ. ಅದರ ನೂಕುಬಲ 440 ನ್ಯೂಟನ್. ನೆಲದ ಮೇಲಾದರೆ 45 ಕಿಲೋ ಹೊರೆಯನ್ನು ಎತ್ತಿ ಹಿಡಿಯುವಷ್ಟೇ ಶಕ್ತಿ, ಒಂದು ಸಿಮೆಂಟ್ ಮೂಟೆಗಿಂತಲೂ ಕಡಿಮೆ. ಮೂರು ಟನ್ ತೂಗುವ ಉಪಗ್ರಹವನ್ನು ಇಷ್ಟು ಬಲದಿಂದಲೇ ನೂಕಬೇಕು. ಮೇಲ್ತುದಿಗೆ ಬಂದಾಗ ಎಂಸಿಎಫ್‌ನಿಂದ ಆಜ್ಞೆ ಹೋಗುತ್ತದೆ, ಎಂಜಿನ್ ಉರಿಯುತ್ತದೆ. ಒಮ್ಮೊಮ್ಮೆ ಅರ್ಧ ಗಂಟೆ, ಒಮ್ಮೊಮ್ಮೆ ಗಂಟೆ. ಮೇಲ್ತುದಿಯಲ್ಲಿ ವೇಗ ಕೂಡಿಸಿದರೆ ಎದುರಿನ ಕೆಳತುದಿ ಮೇಲೇಳುತ್ತದೆ. ಅಂತರಿಕ್ಷದ ಲೆಕ್ಕ ಹಾಗಿದೆ. ಹೀಗೆ ಕೆಲವು ಸಲ ಉರಿಸಿದ ಮೇಲೆ ಮೊಟ್ಟೆ ವೃತ್ತವಾಗುತ್ತದೆ, ವೇಗ ಸೆಕೆಂಡಿಗೆ 3 ಕಿಲೋಮೀಟರಿನಲ್ಲಿ ನಿಲ್ಲುತ್ತದೆ, ಸುತ್ತು ಭೂಮಿಯ ಒಂದು ಸುತ್ತಿಗೆ ಸರಿಹೊಂದುತ್ತದೆ. ಹೊರಡುವಾಗಿನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಇಂಧನವೇ ಇರುತ್ತದೆ, ಅದರ ಬಹುಪಾಲು ಈ ಕೆಲವೇ ದಿನಗಳಲ್ಲಿ ಖರ್ಚಾಗುತ್ತದೆ.

ಈ ದಿನಗಳಲ್ಲೇ ನನ್ನ ಎದೆ ಹೆಚ್ಚು ಹೊಡೆದುಕೊಳ್ಳುವುದು. 2018ರ ಮಾರ್ಚ್ 29ರಂದು ಜಿಸ್ಯಾಟ್-6ಎ ಚೆನ್ನಾಗಿಯೇ ಹಾರಿತು. ಮೊದಲ ಉರಿತ ಸರಿಯಾಯಿತು, ಎರಡನೆಯದೂ ಆಯಿತು. ಏಪ್ರಿಲ್ 1ಕ್ಕೆ ಕೊನೆಯದು ಇತ್ತು. ಅಷ್ಟರಲ್ಲಿ ಉಪಗ್ರಹದ ಸಂಪರ್ಕವೇ ಕಡಿದುಹೋಯಿತು. ಮತ್ತೆ ಸಿಗಲಿಲ್ಲ.

2025ರ ಜನವರಿ 29 ಇನ್ನೂ ಹತ್ತಿರದ್ದು. ಶ್ರೀಹರಿಕೋಟಾದಿಂದ ನೂರನೇ ಉಡಾವಣೆ, ಬೆಳಿಗ್ಗೆ 6.23ಕ್ಕೆ ಜಿಎಸ್‌ಎಲ್‌ವಿ-ಎಫ್15 ಹೊರಟು ಎನ್‌ವಿಎಸ್-02 ಉಪಗ್ರಹವನ್ನು ನಿಗದಿತ ದಾರಿಗೇ ಬಿಟ್ಟಿತು. ಆವತ್ತು ಎಲ್ಲೆಡೆ ಅಭಿನಂದನೆ. ಸೌರಫಲಕ ಬಿಚ್ಚಿಕೊಂಡಿತು, ವಿದ್ಯುತ್ ಬಂತು, ಸಂಪರ್ಕವೂ ಸಿಕ್ಕಿತು. ಫೆಬ್ರುವರಿ 2ಕ್ಕೆ ಇಸ್ರೊ ತಿಳಿಸಿತು: ಇಂಧನ ಉರಿಯಲು ಬೇಕಾದ ಆಕ್ಸಿಡೈಸರನ್ನು ಎಂಜಿನ್ನಿಗೆ ಬಿಡುವ ವಾಲ್ವ್‌ಗಳು ತೆರೆದುಕೊಳ್ಳಲಿಲ್ಲ, ಕಕ್ಷೆ ಏರಿಸಲಾಗಲಿಲ್ಲ. ನಮ್ಮದೇ ದಿಕ್ಸೂಚಿ ವ್ಯವಸ್ಥೆ ನಾವಿಕ್‌ಗಾಗಿ 111.75 ಡಿಗ್ರಿ ಪೂರ್ವದಲ್ಲಿ ನಿಲ್ಲಬೇಕಿದ್ದ ಉಪಗ್ರಹ ಆ ಮೊಟ್ಟೆಯ ದಾರಿಯಲ್ಲೇ ಉಳಿಯಿತು. ನೂರನೇ ಉಡಾವಣೆ ಯಶಸ್ವಿ ಎಂದು ನನ್ನ ಗಿರಾಕಿಗಳೆಲ್ಲರಿಗೂ ಗೊತ್ತು. ವಾಲ್ವ್‌ನ ಸುದ್ದಿ ಕೇಳಿದವರು ಬಹಳ ಕಡಿಮೆ. ರಾಕೆಟ್ ಮಾಡಿದ ಕೆಲಸವನ್ನೂ ಉಪಗ್ರಹಕ್ಕಾದ ತೊಂದರೆಯನ್ನೂ ಜನ ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು ಎಂಬುದು ನನ್ನ ಆಸೆ. ಹಾಗೆ ತಿಳಿದವರಿಗಷ್ಟೇ ಸರಿಯಾಗಿ ಮುಗಿದ ಉಡಾವಣೆಯ ಬೆಲೆ ಗೊತ್ತಾಗುತ್ತದೆ.

ಎಂಸಿಎಫ್‌ಗೆ ಇಂಥ ದಿನಗಳು ಹೊಸವಲ್ಲ. 1982ರಲ್ಲಿ ಅದು ಕೈಗೆತ್ತಿಕೊಂಡ ಇನ್ಸಾಟ್-1ಎ ಏಪ್ರಿಲ್‌ನಲ್ಲಿ ಹಾರಿ ಸೆಪ್ಟೆಂಬರ್‌ಗೆ ನಿಷ್ಕ್ರಿಯವಾಯಿತು. ಮರುವರ್ಷ ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ದೂರದರ್ಶನವನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. ನನ್ನ ಕಸುಬಿನ ಬೇರು ಅಲ್ಲಿದೆ.

ಉಪಗ್ರಹ ಎಲ್ಲಿಂದ ಹಾರಿದರೂ ಹಾಸನದ ಕೆಲಸ ತಪ್ಪುವುದಿಲ್ಲ. 4,700 ಕಿಲೋ ತೂಕದ ಜಿಸ್ಯಾಟ್-20 ನಮ್ಮ ರಾಕೆಟ್‌ಗೆ ಭಾರವೆಂದು 2024ರ ನವೆಂಬರ್‌ನಲ್ಲಿ ಫ್ಲಾರಿಡಾದಿಂದ ಫಾಲ್ಕನ್-9 ಮೇಲೆ ಹೊರಟಿತು. ಬೇರ್ಪಟ್ಟ ಮೇಲೆ ಹಿಡಿತಕ್ಕೆ ತೆಗೆದುಕೊಂಡದ್ದು ಎಂಸಿಎಫ್. 2025ರ ನವೆಂಬರ್ 2ರಂದು 4,410 ಕಿಲೋದ ಸಿಎಂಎಸ್-03 ಅನ್ನು ನಮ್ಮ ಎಲ್‌ವಿಎಂ-3 ರಾಕೆಟ್ಟೇ ಒಯ್ದಿತು. ಭಾರ ಹೆಚ್ಚಿದ್ದರಿಂದ ದಾರಿಯ ಮೇಲ್ತುದಿಯನ್ನು ಸುಮಾರು 30,000 ಕಿಲೋಮೀಟರಿಗೇ ಇಟ್ಟಿದ್ದರು, ಮಿಕ್ಕದ್ದನ್ನು ಉಪಗ್ರಹವೇ ಏರಬೇಕಿತ್ತು. ಉಡಾವಣೆಗೆ ಮೊದಲು ಇಸ್ರೊ ಹೊರತರುವ ಮಾಹಿತಿ ಪುಸ್ತಿಕೆಯಲ್ಲಿ ಈ ಅಂಕಿ ಇರುತ್ತದೆ. ಮುಂದಿನ ಸಲ ಅದನ್ನು ಮೊದಲು ನೋಡಿ. 36,000ಕ್ಕಿಂತ ಎಷ್ಟು ಕಡಿಮೆಯಿದೆಯೋ, ಸಾಲಗಾಮೆ ರಸ್ತೆಯಲ್ಲಿ ಅಷ್ಟು ಹೆಚ್ಚು ಕೆಲಸ ಬಾಕಿಯಿದೆ.