ಜಗಳವಾಡದ ರಾಣಿ

ಕಿಟಕಿಯ ಮೂಲೆಯಲ್ಲಿ ಕಣಜ ಗೂಡು ಕಟ್ಟಿದ್ದು ಕಂಡರೆ ನಾವು ಮೊದಲು ಹುಡುಕುವುದು ಪೊರಕೆಯನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ರಾಘವೇಂದ್ರ ಗದಗ್‌ಕರ್ ಅಂಥ ಗೂಡುಗಳನ್ನು ನೋಡುತ್ತ ನಿಂತರು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಪಿಎಚ್.ಡಿ. ಮಾಡಿದ್ದು ಅಣುಜೀವಶಾಸ್ತ್ರದಲ್ಲಿ, ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್‌ಗಳ ಮೇಲೆ. ಕಣಜ ಆಗ ಬಿಡುವಿನ ಹವ್ಯಾಸ. ಪದವಿ ಕೈಗೆ ಬಂದ ಮೇಲೆ ಹವ್ಯಾಸವೇ ಕಸುಬಾಯಿತು. ಅದೇ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳ್ ಕಟ್ಟಿದ ಪರಿಸರ ವಿಜ್ಞಾನ ಕೇಂದ್ರದಲ್ಲಿ ದಶಕಗಳ ಕಾಲ ಅವರು ಬೆನ್ನು ಹತ್ತಿದ್ದು ಮುಖ್ಯವಾಗಿ ಒಂದೇ ಜಾತಿಯ ಕಣಜವನ್ನು: ರೊಪಾಲಿಡಿಯ ಮಾರ್ಜಿನೇಟ.

ನಾರನ್ನು ಅಗಿದು ಎಂಜಲಲ್ಲಿ ಕಲಸಿ ಕಾಗದದಂಥ ಗೂಡು ಕಟ್ಟುವ ಹುಳು ಇದು. ಗೂಡಿಗೆ ಹೊದಿಕೆಯಿಲ್ಲ, ಒಳಗಿನದೆಲ್ಲ ಬಯಲಲ್ಲೇ ಕಾಣುತ್ತದೆ. ಆದರೆ ಎಲ್ಲವೂ ಒಂದೇ ಥರ ಇದ್ದರೆ ಯಾರು ಯಾರೆಂದು ತಿಳಿಯುವುದು ಹೇಗೆ? ಪ್ರತಿ ಹುಳುವಿನ ಮೈಮೇಲೆ ಬಣ್ಣದ ಚುಕ್ಕೆ ಇಟ್ಟರು. ನೀಲಿ ಚುಕ್ಕೆಯವಳು ಎಷ್ಟು ಹೊತ್ತು ಸುಮ್ಮನೆ ಕೂತಳು, ಬಿಳಿ ಚುಕ್ಕೆಯವಳು ಯಾರನ್ನು ಕಚ್ಚಿದಳು, ಯಾರು ಆಹಾರ ತಂದರು ಎಂದು ಗಂಟೆಗಟ್ಟಲೆ ಬರೆದುಕೊಂಡರು. ಬಣ್ಣ, ಗಡಿಯಾರ, ನೋಟುಬುಕ್ಕು, ಇಷ್ಟೇ ಬಂಡವಾಳ. 1983ರಲ್ಲಿ ಪ್ರಕಟವಾದ ಲೆಕ್ಕಾಚಾರದಲ್ಲಿ ಹುಳುಗಳು ಮೂರು ಗುಂಪಾಗಿ ಒಡೆದುಕೊಂಡವು: ಕೂರುವವರು, ಕಾದಾಡುವವರು, ಹೊರಗೆ ಹೋಗಿ ದುಡಿಯುವವರು.

ರಾಣಿ ಕಾದಾಡುವವರ ಗುಂಪಿನಲ್ಲಿ ಇರಬೇಕಲ್ಲ? ಇರಲಿಲ್ಲ. ಅವಳು ಕೂರುವವಳು. ರಾಣಿ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ ಅನಿಸುತ್ತದೆ ನನಗೆ. ಇವಳು ಯಾರನ್ನೂ ಗದರುವುದಿಲ್ಲ, ಕೆಲಸ ಹಂಚುವುದೂ ಇಲ್ಲ. ಆಹಾರ ಬೇಕಾದಾಗ ಗೂಡಿನೊಳಗಿನ ಕೆಲಸಗಾರ್ತಿಯರೇ ಹೊರಗೆ ಹೋಗುವವರನ್ನು ಚುಚ್ಚಿ ಎಬ್ಬಿಸುತ್ತಾರೆ. ಆದರೂ ಮೊಟ್ಟೆ ಇಡುವ ಹಕ್ಕು ಅವಳೊಬ್ಬಳದೇ.

ಅವಳನ್ನು ಎತ್ತಿ ಬೇರೆ ಇಟ್ಟರೆ ನಿಮಿಷಗಳಲ್ಲೇ ಒಬ್ಬ ಕೆಲಸಗಾರ್ತಿ ರೌದ್ರಾವತಾರ ತಾಳುತ್ತಾಳೆ. ಸಿಕ್ಕಸಿಕ್ಕವರ ಮೇಲೆ ಎರಗುತ್ತಾಳೆ. ರಾಣಿಯನ್ನು ತಂದು ಬಿಟ್ಟರೆ ಮತ್ತೆ ಏನೂ ಆಗದವಳಂತೆ ತೆಪ್ಪಗಾಗುತ್ತಾಳೆ. ತಾರದಿದ್ದರೆ ವಾರದೊಳಗೆ ಅವಳ ಕೋಪ ತಾನಾಗಿ ಇಳಿದು, ಮೊಟ್ಟೆ ಇಡತೊಡಗಿ, ಅವಳೂ ಸಾಧು ರಾಣಿಯಾಗುತ್ತಾಳೆ.

ರಾಣಿ ಇದ್ದಾಳೆಂದು ಉಳಿದವರಿಗೆ ತಿಳಿಯುವುದು ಹೇಗೆ? ಗೂಡನ್ನು ಎರಡಾಗಿ ಕತ್ತರಿಸಿ ನಡುವೆ ತಂತಿಬಲೆ ಇಟ್ಟರು. ವಾಸನೆ ಗಾಳಿಯಲ್ಲಿ ಹರಡುವಂತಿದ್ದರೆ ಆಚೆಯವರಿಗೂ ತಲುಪಬೇಕಿತ್ತು. ತಲುಪಲಿಲ್ಲ, ಆಚೆ ಬದಿಯಲ್ಲಿ ಒಬ್ಬಳು ಎಂದಿನಂತೆ ಸಿಡುಕತೊಡಗಿದಳು. ರಾಣಿ ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜುತ್ತ ಓಡಾಡುವುದನ್ನು ಗಮನಿಸಿ, ಕೊಂಡಿಯ ಬಳಿಯ ಡುಫೂರ್ ಗ್ರಂಥಿಯ ರಸವನ್ನು ಪರೀಕ್ಷಿಸಿದರು. ಸಿಡುಕಿನವಳು ಅದರಿಂದ ತಣ್ಣಗಾದಳು. ರಾಣಿಯ ಆಳ್ವಿಕೆ ಒರೆಸಿಟ್ಟ ವಾಸನೆಯಲ್ಲಿತ್ತು.

ಹಾಗಾದರೆ ಮಿಕ್ಕವರು ತಮ್ಮ ಮರಿಗಳನ್ನು ಬಿಟ್ಟು ಅವಳ ಮರಿಗಳಿಗೆ ದುಡಿಯುವುದು ಏಕೆ? ಅಕ್ಕತಂಗಿಯರೆಂಬ ರಕ್ತಸಂಬಂಧವೇ ಕಾರಣ ಎಂಬುದು ಪ್ರಸಿದ್ಧ ಉತ್ತರ. ಇಲ್ಲಿ ಅದು ಸಾಲದು. ರಾಣಿ ಹಲವು ಗಂಡುಗಳ ಜತೆ ಕೂಡುತ್ತಾಳೆ, ರಾಣಿಯರೂ ಬದಲಾಗುತ್ತಿರುತ್ತಾರೆ, ನಂಟು ತೆಳುವಾಗುತ್ತದೆ. ಗದಗ್‌ಕರ್ 1990ರಲ್ಲಿ ಇನ್ನೊಂದು ಲೆಕ್ಕ ಮುಂದಿಟ್ಟರು. ಒಂಟಿ ತಾಯಿ ನಡುವೆಯೇ ಸತ್ತರೆ ಅವಳ ಮರಿಗಳೆಲ್ಲ ಹೋದವು. ಕೂಡುಗೂಡಿನಲ್ಲಿ ಅರ್ಧ ಸಾಕಿ ಸತ್ತರೂ ಉಳಿದರ್ಧವನ್ನು ಇನ್ನೊಬ್ಬಳು ಸಾಕುತ್ತಾಳೆ, ಪಟ್ಟ ಪಾಡು ವ್ಯರ್ಥವಾಗದು.

ನನಗೆ ಹೆಚ್ಚು ಮೋಜೆನಿಸುವುದು ಉತ್ತರಾಧಿಕಾರದ ಸಂಗತಿ. ಮುಂದಿನ ರಾಣಿ ಯಾರಾಗುತ್ತಾಳೆಂದು ಮೊದಲೇ ಹೇಳಲು ಸಂಶೋಧಕರಿಗೆ ಆಗಲಿಲ್ಲ. ಅವಳ ನಡತೆಯಲ್ಲಿ ಯಾವ ಗುರುತೂ ಸಿಗಲಿಲ್ಲ. 2008ರಲ್ಲಿ ಮತ್ತೆ ಕತ್ತರಿಸಿದ ಗೂಡು, ಮತ್ತೆ ತಂತಿಬಲೆ. ರಾಣಿಯಿಲ್ಲದ ಬದಿಯಲ್ಲಿ ಎದ್ದವಳನ್ನು ರಾಣಿಯ ಬದಿಗೂ ರಾಣಿಯನ್ನು ಇವಳ ಬದಿಗೂ ಅದಲುಬದಲು ಮಾಡಿದರು. ಕೆಲವು ಗೂಡುಗಳಲ್ಲಿ ಅವಳೇ ಹೊಸ ಬದಿಯಲ್ಲೂ ಮುಂದುವರಿದಳು. ಉಳಿದವುಗಳಲ್ಲಿ, ಅವಳು ಅಲ್ಲಿಗೆ ಹೋಗುತ್ತಿದ್ದಂತೆ ಅಲ್ಲಿದ್ದ ಇನ್ನೊಬ್ಬಳು ಎದ್ದುನಿಂತಳು, ಮೊದಲಿನವಳು ಮರುಮಾತಿಲ್ಲದೆ ಕೆಲಸಕ್ಕೆ ಮರಳಿದಳು. ಮುಂದೆ ರಾಣಿಯನ್ನೂ ಉತ್ತರಾಧಿಕಾರಿಗಳನ್ನೂ ಒಬ್ಬೊಬ್ಬರಾಗಿ ತೆಗೆಯುತ್ತ ಹೋದಾಗಲೂ ಸರದಿಯಲ್ಲಿ ಮುಂದಿನವಳು ಬಂದಳು. ಯಾರೂ ತಡೆಯಲಿಲ್ಲ. ಸರದಿ ಗೂಡಿಗೆ ಗೊತ್ತಿತ್ತು, ನೋಟುಬುಕ್ಕಿಗೆ ಮಾತ್ರ ಗೊತ್ತಿರಲಿಲ್ಲ.